ತಾಮ್ರದ ಆಂಟಿಫೌಲಿಂಗ್ ಅಲ್ಲಲ್ಲಿ ಎದ್ದಿದೆಯಾ? ಬ್ರಷ್ ಹಿಡಿಯುವ ಮೊದಲು ಇಷ್ಟು ನೋಡಿ

ಆಂಟಿಫೌಲಿಂಗ್ ಅಂದರೆ ದೋಣಿಯ ತಳಕ್ಕೆ ಚಿಪ್ಪು, ಪಾಚಿ ಹತ್ತದಂತೆ ಬಳಿಯುವ ಬಣ್ಣ. ದೋಣಿಯನ್ನು ನೀರಿನಿಂದ ಮೇಲೆ ಎತ್ತಿದಾಗ ತಳದ ಈ ಬಣ್ಣ ಬಹುಪಾಲು ಚೆನ್ನಾಗಿಯೇ ಇರುತ್ತದೆ, ಆದರೆ ಅಲ್ಲಲ್ಲಿ ಅಂಗೈ ಅಗಲದ ಜಾಗ ಮಾತ್ರ ಹಪ್ಪಳ ಎದ್ದಿರುತ್ತದೆ, ಇಲ್ಲವೇ ಅಷ್ಟೇ ಜಾಗದಲ್ಲಿ ಬಾರ್ನಕಲ್ ಚಿಪ್ಪು ಕಚ್ಚಿಕೊಂಡಿರುತ್ತದೆ. ಆಗ ಎಲ್ಲರೂ ಮಾಡುವ ಕೆಲಸ ಒಂದೇ. ಸ್ವಲ್ಪ ಕೆರೆದು, ಡಬ್ಬಿಯಲ್ಲಿ ಉಳಿದ ಬಣ್ಣ ಬಳಿದು, ದೋಣಿಯನ್ನು ನೀರಿಗೆ ಬಿಡುವುದು. ಮುಂದಿನ ಸಲ ಎತ್ತಿದಾಗ ಅದೇ ಜಾಗ ಮತ್ತೆ ಎದ್ದಿರುತ್ತದೆ, ಸುತ್ತಲಿನ ಒಳ್ಳೆ ಬಣ್ಣವನ್ನೂ ಜೊತೆಗೆ ಕರೆದುಕೊಂಡು ಹೋಗಿರುತ್ತದೆ.

ಇದಕ್ಕೆ ಇಡೀ ತಳ ಕೆರೆದು ಹೊಸದಾಗಿ ಬಳಿಯಬೇಕಿಲ್ಲ. ತೇಪೆ ಸಾಕು. ಆದರೆ ಮೊದಲು ಎರಡು ಪ್ರಶ್ನೆಗೆ ಉತ್ತರ ಬೇಕು: ಬಣ್ಣ ಯಾವ ಪದರದಲ್ಲಿ ಕೈಬಿಟ್ಟಿದೆ, ಮತ್ತು ದೋಣಿಯ ಯಾವ ಭಾಗದಲ್ಲಿ ಹೀಗಾಗಿದೆ. ಇವೆರಡು ಗೊತ್ತಾದರೆ ಮುಕ್ಕಾಲು ಪಾಲು ಕೆಲಸ ಮುಗಿದಂತೆ.

ಶುರುವಿನಲ್ಲಿ: ಒದ್ದೆ ಇರುವಾಗಲೇ ತೊಳೆಯಿರಿ

ದೋಣಿ ಮೇಲೆ ಬಂದ ತಕ್ಷಣ ಲೋಳೆ, ಪಾಚಿ ಸುಲಭವಾಗಿ ಹೋಗುತ್ತವೆ. ಒಣಗಲು ಬಿಟ್ಟರೆ ಅಂಟಿಕೊಂಡು ಕೂರುತ್ತವೆ. ಆದರೆ ತೊಳೆಯುವ ಮುಂಚೆ ಒಮ್ಮೆ ಸುತ್ತಾಡಿ ಎಲ್ಲಾ ಕಡೆ ಫೋಟೋ ತೆಗೆದಿಡಿ. ಎಲ್ಲಿ ಲೋಳೆ ಮಾತ್ರ ಇತ್ತು, ಎಲ್ಲಿ ಚಿಪ್ಪು ಹತ್ತಿತ್ತು ಅನ್ನುವುದು ರೋಗಲಕ್ಷಣ. ಪ್ರೆಷರ್ ವಾಷರ್ ಹೊಡೆದ ಮೇಲೆ ಅದು ಸಿಗುವುದಿಲ್ಲ. ತೆಳುವಾದ ಲೋಳೆ ಕಂಡರೆ ಗಾಬರಿ ಬೇಡ. ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳಲ್ಲಿ ಕೆಲವು ತಾಮ್ರಕ್ಕೆ ಅಷ್ಟಾಗಿ ಜಗ್ಗುವುದಿಲ್ಲ, ಹಾಗಾಗಿ ಒಳ್ಳೆ ಬಣ್ಣದ ಮೇಲೂ ಅವು ಇರುತ್ತವೆ. ಗಟ್ಟಿ ಚಿಪ್ಪು ಒಂದೇ ಜಾಗದಲ್ಲಿ ಗುಂಪಾಗಿ ಕೂತಿದ್ದರೆ ಮಾತ್ರ ಅಲ್ಲಿ ತಾಮ್ರ ಕೆಲಸ ಮಾಡುತ್ತಿಲ್ಲ ಅಂತ ತಿಳಿಯಿರಿ.

ತೊಳೆದ ನೀರಿನಲ್ಲಿ ತಾಮ್ರ ಇರುತ್ತದೆ. ಅದನ್ನು ಮತ್ತೆ ಸಮುದ್ರಕ್ಕೋ ಚರಂಡಿಗೋ ಬಿಡಬೇಡಿ. ನೀರು ಹಿಡಿದಿಡುವ ವ್ಯವಸ್ಥೆ ಇರುವ ಕಡೆಯೇ ತೊಳೆಯಿರಿ.

ನಿಮ್ಮ ದೋಣಿಯ ಮೇಲೆ ಇರುವುದು ಯಾವ ಬಣ್ಣ?

ಡಬ್ಬಿ ಸಿಕ್ಕರೆ ಚಿಂತೆಯಿಲ್ಲ. ಹಳೆ ದೋಣಿ ಕೊಂಡವರಿಗೆ ಡಬ್ಬಿ ಎಲ್ಲಿ ಸಿಗಬೇಕು, ಅಲ್ವಾ? ಹಾಗಾಗಿ ಕೈಯಲ್ಲೇ ಪರೀಕ್ಷೆ ಮಾಡಿ. ಗ್ಲೌಸ್ ಹಾಕಿಕೊಂಡು ಒದ್ದೆ ಬಟ್ಟೆಯಿಂದ ಗಟ್ಟಿಯಾಗಿ ಉಜ್ಜಿ. ಬಟ್ಟೆಗೆ ಬಣ್ಣ ಧಾರಾಳವಾಗಿ ಹತ್ತಿದರೆ ಅದು ಸವೆಯುವ ಜಾತಿ, ಅಂದರೆ ದೋಣಿ ಓಡಿದ ಹಾಗೆಲ್ಲ ಮೇಲ್ಪದರ ಕರಗಿ ಹೊಸ ತಾಮ್ರ ಹೊರಗೆ ಬರುವ ಮೆತ್ತನೆ ಬಣ್ಣ. ನೀರಿಗೆ ಏನೂ ಬರದೆ ಥಿನ್ನರ್ ಹಾಕಿದಾಗ ಮಾತ್ರ ಬಂದರೆ ಅದು ಗಟ್ಟಿ ಜಾತಿ. ಅದರಲ್ಲಿ ತಾಮ್ರ ಮಾತ್ರ ಒಸರಿ ಹೋಗುತ್ತದೆ, ಬಣ್ಣದ ಗೂಡು ಹಾಗೇ ಉಳಿಯುತ್ತದೆ. ಎರಡಕ್ಕೂ ಜಗ್ಗದೆ, ನೀರು ಹಾಕಿ ಸಣ್ಣ ಸ್ಯಾಂಡ್‌ಪೇಪರ್‌ನಿಂದ ಉಜ್ಜಿದಾಗ ಲೋಹದ ತಾಮ್ರವೇ ಮಿನುಗಿದರೆ ಅದು ತಾಮ್ರದ ಪುಡಿ ಬೆರೆಸಿದ ಎಪಾಕ್ಸಿ (ರೆಸಿನ್, ಹಾರ್ಡನರ್ ಎರಡೂ ಬೆರೆಸಿದಾಗ ಗಟ್ಟಿಯಾಗುವ ಅಂಟು). ಮೊದಲಿನ ಎರಡರಲ್ಲಿ ಸಾಮಾನ್ಯವಾಗಿ ಇರುವುದು ಕ್ಯುಪ್ರಸ್ ಆಕ್ಸೈಡ್, ಅದು ಕೆಂಪು-ಕಂದು ಪುಡಿ. ಮೂರನೆಯದರಲ್ಲಿ ಇರುವುದು ಲೋಹವೇ. ಮೂರಕ್ಕೂ ತೇಪೆ ಹಾಕುವ ರೀತಿ ಬೇರೆ ಬೇರೆ.

ಮೆತ್ತನೆ ಬಣ್ಣದ ಮೇಲೆ ಗಟ್ಟಿ ಬಣ್ಣ ಬಳಿದರೆ ನಿಲ್ಲುವುದಿಲ್ಲ. ಅಡಿಯದು ಸವೆಯುತ್ತಾ ಹೋಗುತ್ತದೆ, ಮೇಲಿನದು ಸಿಪ್ಪೆಯಾಗಿ ಎದ್ದು ಬರುತ್ತದೆ. ಗಟ್ಟಿಯದನ್ನು ಚೆನ್ನಾಗಿ ಉಜ್ಜಿ ಅದರ ಮೇಲೆ ಮೆತ್ತನೆಯದು ಬಳಿದರೆ ನಡೆಯುತ್ತದೆ. ನಾನು ನೋಡಿದ ಎಷ್ಟೋ ತೇಪೆಗಳು ಬಿದ್ದದ್ದು ಇದೊಂದೇ ಕಾರಣಕ್ಕೆ.

ಎಲ್ಲಿ ಕೈಬಿಟ್ಟಿದೆ ಅಂತ ಅಂಚು ನೋಡಿ

ಎದ್ದ ಜಾಗದ ಅಂಚಿಗೆ ಚೂಪಲ್ಲದ ಸ್ಕ್ರೇಪರ್ ಹಾಕಿ ಮೆಲ್ಲಗೆ ತಳ್ಳಿ. ಬಣ್ಣ ದೊಡ್ಡ ಚಕ್ಕೆಯಾಗಿ ಬಂತಾ, ಪುಡಿಯಾಗಿ ಉದುರಿತಾ, ಅದರ ಅಡಿಯಲ್ಲಿ ಯಾವ ಬಣ್ಣ ಕಂಡಿತು? ಚಕ್ಕೆಯ ಹಿಂಭಾಗವನ್ನೂ ತಿರುಗಿಸಿ ನೋಡಿ. ಬಹಳ ಜನ ಅದನ್ನು ನೋಡುವುದೇ ಇಲ್ಲ.

ಅಡಿಯಲ್ಲಿ ಫೈಬರ್ ದೋಣಿಯ ಹೊರಮೈಯ ನುಣುಪಾದ, ಹೊಳೆಯುವ ರೆಸಿನ್ ಪದರ, ಅಂದರೆ ಜೆಲ್‌ಕೋಟ್ ಕಂಡು, ಚಕ್ಕೆಯ ಹಿಂಭಾಗವೂ ನುಣುಪಾಗಿದ್ದರೆ ಮೊದಲಿಂದಲೂ ಅಲ್ಲಿ ಹಿಡಿತವೇ ಇರಲಿಲ್ಲ. ಅಚ್ಚಿನಿಂದ ಬಿಡಿಸುವಾಗ ಹಚ್ಚಿದ ಮೇಣ ಹೋಗಿಲ್ಲ, ಇಲ್ಲವೇ ಜೆಲ್‌ಕೋಟನ್ನು ಉಜ್ಜದೆ ಬಳಿದಿದ್ದಾರೆ. ಇಂಥ ದೋಣಿಯಲ್ಲಿ ಇವತ್ತು ಒಂದು ಕಡೆ ಎದ್ದರೆ ನಾಳೆ ಇನ್ನೊಂದು ಕಡೆ ಏಳುತ್ತದೆ. ತೇಪೆ ಹಾಕಿ, ಆದರೆ ಅದು ತಾತ್ಕಾಲಿಕ ಅಂತ ಗೊತ್ತಿರಲಿ.

ಅಡಿಯಲ್ಲಿ ಎಪಾಕ್ಸಿ ಪ್ರೈಮರ್ ಹಾಗೇ ಇದ್ದು, ಅದರ ಮೇಲಿನ ಬಣ್ಣ ಮಾತ್ರ ಶೀಟಿನ ಹಾಗೆ ಬಂದರೆ ಎರಡು ಸಾಧ್ಯತೆ. ಒಂದು, ಪ್ರೈಮರ್ ಪೂರ್ತಿ ಗಟ್ಟಿಯಾದ ಮೇಲೆ ಉಜ್ಜದೆ ಬಣ್ಣ ಹಾಕಿದ್ದಾರೆ. ಎಪಾಕ್ಸಿ ಪ್ರೈಮರ್ ಇನ್ನೂ ಸ್ವಲ್ಪ ಅಂಟು ಇರುವಾಗ, ಹೆಬ್ಬೆರಳು ಒತ್ತಿದರೆ ಗುರುತು ಬೀಳಬೇಕು ಆದರೆ ಬೆರಳಿಗೆ ಮೆತ್ತಬಾರದು ಅನ್ನುವ ಹಂತದಲ್ಲಿ, ಮೊದಲ ಕೋಟ್ ಆಂಟಿಫೌಲಿಂಗ್ ಬೀಳಬೇಕು. ಆ ಹೊತ್ತು ಮೀರಿದರೆ ಉಜ್ಜಲೇಬೇಕು. ಇನ್ನೊಂದು, ತಂಪು ಮತ್ತು ತೇವದ ಹವೆಯಲ್ಲಿ ಗಟ್ಟಿಯಾದ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ, ಅಮೈನ್ ಬ್ಲಶ್ ಅನ್ನುತ್ತಾರೆ. ಅದು ಥಿನ್ನರ್‌ಗೆ ಸರಿಯಾಗಿ ಹೋಗುವುದಿಲ್ಲ. ನೀರು ಹಾಕಿ ಸ್ಕ್ರಬರ್‌ನಿಂದ ಉಜ್ಜಿದರೆ ಹೋಗುತ್ತದೆ. ಮೊದಲು ನೀರು, ಆಮೇಲೆ ಸ್ಯಾಂಡ್‌ಪೇಪರ್. ತೊಳೆಯದೆ ಉಜ್ಜಿದರೆ ಆ ಜಿಡ್ಡನ್ನೇ ಗೀರುಗಳ ಒಳಗೆ ತುಂಬಿದ ಹಾಗಾಗುತ್ತದೆ.

ಅಡಿಯಲ್ಲಿ ಹಳೆ ಆಂಟಿಫೌಲಿಂಗೇ ಕಂಡರೆ, ಅಂದರೆ ಬಣ್ಣ ಬಣ್ಣದ ನಡುವೆಯೇ ಬಿಟ್ಟುಕೊಂಡಿದ್ದರೆ, ವರ್ಷಗಟ್ಟಲೆ ಕೋಟ್ ಮೇಲೆ ಕೋಟ್ ಏರಿದೆ ಅಂತ ಅರ್ಥ. ಗಟ್ಟಿ ಬಣ್ಣದಲ್ಲಿ ತಾಮ್ರ ಒಸರಿ ಹೋದ ಮೇಲ್ಪದರ ಸ್ಪಾಂಜಿನಂತೆ ಟೊಳ್ಳಾಗಿರುತ್ತದೆ. ಅದನ್ನು ಉಜ್ಜಿ ತೆಗೆಯದೆ ಹೊಸದು ಬಳಿದರೆ ಹೊಸ ಬಣ್ಣ ಹಿಡಿದುಕೊಂಡಿರುವುದು ಆ ಟೊಳ್ಳನ್ನೇ. ಒಣ ಕೆರೆಯ ತಳದಂತೆ ಬಿರುಕು ಬಿಟ್ಟಿದ್ದರೂ ಕಾರಣ ಇದೇ, ದಪ್ಪ ಜಾಸ್ತಿ. ಒಂದು ಕೋಟ್ ಒಣಗಿದ ಮೇಲೆ ಸುಮಾರು 40ರಿಂದ 50 ಮೈಕ್ರಾನ್ ಇರುತ್ತದೆ. ಅಂಚಿನಲ್ಲಿ ಮೆಟ್ಟಿಲು ಕಣ್ಣಿಗೆ ಎದ್ದು ಕಾಣುವಷ್ಟು, ಅಂದರೆ ಒಂದು ಮಿಲಿಮೀಟರ್ ಹತ್ತಿರ ಬಂದಿದ್ದರೆ, ಎಷ್ಟು ಕೋಟ್ ಕೂತಿವೆ ಅಂತ ನೀವೇ ಲೆಕ್ಕ ಹಾಕಿ. ಅಲ್ಲಿ ತೇಪೆಯ ಆಟ ಹೆಚ್ಚು ದಿನ ನಡೆಯುವುದಿಲ್ಲ.

ಗುಳ್ಳೆ ಇದ್ದರೆ ಒಂದನ್ನು ಒಡೆಯಿರಿ. ಕನ್ನಡಕ ಹಾಕಿಕೊಂಡೇ ಒಡೆಯಿರಿ, ಒಳಗೆ ಒತ್ತಡ ಇರುತ್ತದೆ. ಬರೀ ನೀರು ಬಂದು ಅಡಿಯಲ್ಲಿ ಜೆಲ್‌ಕೋಟ್ ಗಟ್ಟಿಯಾಗಿದ್ದರೆ ಅದು ಬಣ್ಣದ ಗುಳ್ಳೆ, ಹೆದರಬೇಕಿಲ್ಲ. ಬಂದ ದ್ರವ ಬೆರಳಿಗೆ ಅಂಟುತ್ತಿದ್ದು ವಿನೆಗರ್‌ನಂಥ ಹುಳಿ ವಾಸನೆ ಹೊಡೆದು, ಪಿಎಚ್ ಕಾಗದವೂ ಆಮ್ಲ ಅಂತ ತೋರಿಸಿದರೆ ಅದು ಆಸ್ಮಾಸಿಸ್. ಫೈಬರ್‌ಗ್ಲಾಸ್ ಒಳಗೇ ನೀರು ಸೇರಿದೆ. ಅದು ಬಣ್ಣದ ಕೆಲಸವಲ್ಲ. ತೇಪೆ ಹಾಕಿ ಮುಚ್ಚಬೇಡಿ.

ಈಗ ಜಾಗ ನೋಡಿ

ಬೋಳಾದ ಜಾಗ ಚೌಕಾಕಾರವಾಗಿದ್ದು ಎರಡೂ ಬದಿಯಲ್ಲಿ ಜೋಡಿಯಾಗಿ ಕಂಡರೆ ಅದು ದಡದಲ್ಲಿ ದೋಣಿಯನ್ನು ನಿಲ್ಲಿಸಿದಾಗ ಆಧಾರದ ಪ್ಯಾಡ್ ಇದ್ದ ಜಾಗ. ಕಳೆದ ಸಲ ಅಲ್ಲಿ ಬ್ರಷ್ ಹೋಗಿಲ್ಲ, ಇಲ್ಲವೇ ಎತ್ತುವ ಕೊನೆ ಗಳಿಗೆಯಲ್ಲಿ ಒಂದು ಕೋಟ್ ಬಳಿದು ಹಸಿ ಇರುವಾಗಲೇ ನೀರಿಗೆ ಬಿಟ್ಟಿದ್ದಾರೆ. ರೋಗ ಏನೂ ಇಲ್ಲ.

ಕೀಲ್‌ನ (ತಳದ ನಡುವೆ ಉದ್ದಕ್ಕೂ ಇಳಿದಿರುವ ಭಾಗ) ಮುಂದಿನ ಅಂಚು, ಚುಕ್ಕಾಣಿಯ ಅಂಚು, ಮೂತಿಯ ಹತ್ತಿರ ನೀರು ಸೀಳುವ ಗೆರೆ, ಇಲ್ಲೆಲ್ಲ ಬಣ್ಣ ಚಕ್ಕೆ ಏಳದೆ ತೆಳುವಾಗಿ ಮಾಯವಾಗಿದ್ದರೆ ಅದು ಸವೆತ. ನೀರಿನ ಹೊಡೆತ ಜಾಸ್ತಿ ಇರುವ ಕಡೆ ಸವೆಯುವ ಬಣ್ಣ ಬೇಗ ಮುಗಿಯುತ್ತದೆ. ಅಲ್ಲಿಗೆ ಒಂದು ಕೋಟ್ ಹೆಚ್ಚಿಗೆ ಹಾಕಿ, ಆಯಿತು. ಕೆಳಗಿನ ಕೋಟ್ ಒಂದು ಬಣ್ಣ, ಮೇಲಿನದು ಇನ್ನೊಂದು ಬಣ್ಣ ಹಾಕುವ ರೂಢಿ ಒಳ್ಳೆಯದು. ಕೆಳಗಿನ ಬಣ್ಣ ಇಣುಕಿದಾಗ ಎಷ್ಟು ಉಳಿದಿದೆ ಅಂತ ಗೊತ್ತಾಗುತ್ತದೆ.

ಬಣ್ಣ ಗಟ್ಟಿಯಾಗಿ ಕೂತಿದೆ, ಎದ್ದಿಲ್ಲ, ಆದರೂ ದೋಣಿಯ ಒಂದು ಭಾಗದಲ್ಲಿ ಮಾತ್ರ ಚಿಪ್ಪು ತುಂಬಿದೆ. ಇಲ್ಲಿ ನನಗೆ ಮೊದಲು ಅನುಮಾನ ಬರುವುದು ಡಬ್ಬಿಯ ಮೇಲೆ. ಕ್ಯುಪ್ರಸ್ ಆಕ್ಸೈಡ್ ನೀರಿಗಿಂತ ಸುಮಾರು 6 ಪಟ್ಟು ಭಾರ, ತಾಮ್ರದ ಪುಡಿ ಸುಮಾರು 9 ಪಟ್ಟು. ಡಬ್ಬಿ ಸ್ವಲ್ಪ ದಿನ ನಿಂತರೆ ತಾಮ್ರವೆಲ್ಲ ಅಡಿಯಲ್ಲಿ ಗಷ್ಟಾಗಿ ಕೂರುತ್ತದೆ. ಕಡ್ಡಿಯಲ್ಲಿ ನಾಲ್ಕು ಸುತ್ತು ತಿರುಗಿಸಿ ಶುರು ಮಾಡಿದರೆ ಮೊದಲು ಬಳಿದ ಕಡೆಗೆ ಬರೀ ಅಂಟು, ಕೊನೆಗೆ ಬಳಿದ ಕಡೆಗೆ ಬರೀ ತಾಮ್ರ. ಚಿಪ್ಪು ಹತ್ತಿರುವ ಭಾಗ ಬಳಿಯಲು ಶುರು ಮಾಡಿದ ಭಾಗವೇ ಆಗಿದ್ದರೆ ಕಾರಣ ಸಿಕ್ಕಿತು ಅಂತಲೇ ಲೆಕ್ಕ. ಅಡಿಯ ಗಷ್ಟು ಸೌಟಿಗೆ ಸಿಗದಷ್ಟು ಕರಗುವ ತನಕ ಕಲಸಬೇಕು, ಬಳಿಯುವಾಗಲೂ ಆಗಾಗ ಕೈಯಾಡಿಸುತ್ತಲೇ ಇರಬೇಕು.

ನೀರಿನ ಗೆರೆಯ ಉದ್ದಕ್ಕೂ ಹಸಿರು ಹುಲ್ಲಿನಂಥ ಪಾಚಿ ಇದ್ದರೆ ಅಲ್ಲಿ ಬೆಳಕು ಜಾಸ್ತಿ, ಗಾಳಿ ನೀರು ಎರಡೂ ಬಡಿಯುತ್ತದೆ. ದೋಣಿಗೆ ಸಾಮಾನು ತುಂಬಿದ ಮೇಲೆ ಅದು ಎಷ್ಟು ಇಳಿಯುತ್ತದೆ ಅಂತ ನೋಡಿ ಬಣ್ಣದ ಗೆರೆಯನ್ನು ಸ್ವಲ್ಪ ಮೇಲಕ್ಕೆ ಏರಿಸಿದರೆ ಸಾಕಾಗುತ್ತದೆ.

ಲೋಹದ ಸುತ್ತ ಉಂಗುರ ಬಿದ್ದಿದ್ದರೆ

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ್ದು ಇಲ್ಲಿ. ಕಂಚಿನ ಫಿಟಿಂಗ್, ಶಾಫ್ಟ್ ಹೊರಬರುವ ಜಾಗ, ಆನೋಡ್ (ಉಳಿದ ಲೋಹವನ್ನು ಕಾಪಾಡಲು ತಾನೇ ಸವೆಯುವ ಸತುವಿನಂಥ ಲೋಹದ ತುಂಡು), ಇವುಗಳ ಸುತ್ತ ದುಂಡಗೆ ಬಣ್ಣ ಮೆತ್ತಗಾಗಿ ಎದ್ದಿದ್ದರೆ, ಅಥವಾ ಬಿಳಚಿಕೊಂಡ ಬಳೆಯೊಂದು ಕಂಡರೆ, ಅಲ್ಲಿ ವಿದ್ಯುತ್ತಿನ ಕೈವಾಡ ಇದೆ. ಆನೋಡ್ ಕಾಪಾಡುತ್ತಿರುವ ಲೋಹದ ಮೇಲ್ಮೈಯಲ್ಲಿ ಕ್ಷಾರ ಹುಟ್ಟುತ್ತದೆ, ಅದು ಜಾಸ್ತಿಯಾದರೆ ಸುತ್ತಲಿನ ಬಣ್ಣವನ್ನು ತಿನ್ನುತ್ತದೆ. ಮರದ ದೋಣಿಯಾದರೆ ಮರವನ್ನೂ ತಿನ್ನುತ್ತದೆ. ಎಷ್ಟು ಸಲ ಬಳಿದರೂ ಆ ಉಂಗುರ ಮತ್ತೆ ಬರುತ್ತದೆ.

ತಾಮ್ರ ಕೆಲಸ ಮಾಡುವುದು ಕರಗಿದಾಗ ಮಾತ್ರ. ಇದು ಹಳೆ ಪಾಠ. 1824ರಲ್ಲಿ ಬ್ರಿಟಿಷ್ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಹಡಗಿನ ತಳದ ತಾಮ್ರದ ಹಾಳೆ ಸವೆಯದಂತೆ ಕಬ್ಬಿಣ, ಸತುವಿನ ತುಂಡುಗಳನ್ನು ಜೋಡಿಸುವ ಉಪಾಯ ಹೇಳಿಕೊಟ್ಟ. ತಾಮ್ರ ಸವೆಯುವುದು ನಿಂತಿತು, ಅದರ ಜೊತೆಗೇ ಹಡಗಿನ ತಳಕ್ಕೆ ಚಿಪ್ಪು, ಪಾಚಿ ಹತ್ತುವುದು ಶುರುವಾಯಿತು. ಇವತ್ತಿನ ಆನೋಡ್ ಹಿಂದಿರುವುದೂ ಡೇವಿಯ ಅದೇ ಉಪಾಯ. ಹಾಗಾಗಿ ಲೋಹದ ಪಕ್ಕದಲ್ಲಿ ಚಿಪ್ಪು ಕಂಡ ಕೂಡಲೇ ಬಣ್ಣ ಕೆಟ್ಟದ್ದು ಅಂತ ಬೈಯಬೇಡಿ.

ಪರೀಕ್ಷೆಗೆ ಸಿಲ್ವರ್ ಕ್ಲೋರೈಡ್ ರೆಫರೆನ್ಸ್ ಎಲೆಕ್ಟ್ರೋಡ್ ಮತ್ತು ಒಳ್ಳೆ ಮಲ್ಟಿಮೀಟರ್ ಬೇಕು, ದೋಣಿ ಉಪ್ಪು ನೀರಿನಲ್ಲಿ ಇರಬೇಕು. ಫೈಬರ್‌ಗ್ಲಾಸ್ ದೋಣಿಯ ಲೋಹದ ಮೇಲೆ ಮೈನಸ್ 1100 ಮಿಲಿವೋಲ್ಟ್‌ಗಿಂತಲೂ ಆಚೆ ಹೋಗಿದ್ದರೆ ಆನೋಡ್ ಜಾಸ್ತಿಯಾಯಿತು. ಬ್ಯಾಟರಿ ಸ್ವಿಚ್, ದಡದ ಕರೆಂಟ್, ಬಿಲ್ಜ್ ಪಂಪ್ (ದೋಣಿಯೊಳಗಿನ ನೀರು ಹೊರಹಾಕುವ ಪಂಪ್) ಒಂದೊಂದಾಗಿ ಆನ್ ಆಫ್ ಮಾಡುತ್ತಾ ಹೋಗಿ. ಯಾವುದಾದರೂ ಒಂದಕ್ಕೆ ಮೀಟರ್ ಜಿಗಿದರೆ ಕರೆಂಟ್ ಸೋರುತ್ತಿರುವುದು ಅಲ್ಲೇ. ಅದನ್ನು ಸರಿಮಾಡಿ, ಬಣ್ಣದ ಮಾತು ಆಮೇಲೆ. ಆನೋಡ್ ಮೇಲೆ ಮಾತ್ರ ಯಾವ ಕಾರಣಕ್ಕೂ ಬಣ್ಣ ಬಳಿಯಬೇಡಿ, ಬಳಿದರೆ ಅದು ಸತ್ತಂತೆ.

ಕಬ್ಬಿಣದ ಕೀಲ್ ಮೇಲೆ ಬಣ್ಣದ ಅಡಿಯಿಂದ ತುಕ್ಕು ಉಬ್ಬಿದ್ದರೆ ತಾಮ್ರ ಕಬ್ಬಿಣಕ್ಕೆ ತಾಗುವ ದಾರಿ ಎಲ್ಲೋ ತೆರೆದಿದೆ. ಬ್ರಿಟಿಷ್ ನೌಕಾಪಡೆ 1761ರಲ್ಲಿ ಅಲಾರ್ಮ್ ಎಂಬ ಹಡಗಿನ ತಳಕ್ಕೆ ತಾಮ್ರದ ಹಾಳೆ ಹೊಡೆಸಿತ್ತು. ಆಮೇಲೆ ಬಿಚ್ಚಿ ನೋಡಿದಾಗ ತಾಮ್ರಕ್ಕೆ ತಾಗಿದ್ದ ಕಬ್ಬಿಣದ ಮೊಳೆಗಳು ಕರಗಿ ತುಕ್ಕಿನ ಮುದ್ದೆಯಾಗಿದ್ದವು, ನಡುವೆ ಕಾಗದ ಉಳಿದುಕೊಂಡಿದ್ದ ಕಡೆ ಮಾತ್ರ ಮೊಳೆ ಗಟ್ಟಿಯಾಗಿತ್ತು. ಆ ಕಾಗದದ ಕೆಲಸವನ್ನು ಈಗ ಎಪಾಕ್ಸಿ ಪ್ರೈಮರ್ ಮಾಡುತ್ತದೆ. ಲೋಹ ಹೊಳೆಯುವ ತನಕ ಉಜ್ಜಿ, ಮತ್ತೆ ತುಕ್ಕು ಕೂರುವ ಮುಂಚೆ ಅದೇ ಗಂಟೆಯಲ್ಲಿ ಪ್ರೈಮರ್ ಹಾಕಿ, ಒಂದಲ್ಲ ಹಲವು ಕೋಟ್. ಅಲ್ಯೂಮಿನಿಯಂ ದೋಣಿ, ಔಟ್‌ಡ್ರೈವ್ ಕಾಲುಗಳ (ಹಿಂಬದಿಯಲ್ಲಿ ನೀರಿಗಿಳಿಯುವ ಪ್ರೊಪೆಲ್ಲರ್ ಭಾಗ) ಮೇಲಂತೂ ಕ್ಯುಪ್ರಸ್ ಆಕ್ಸೈಡ್ ಬಣ್ಣದ ಸಣ್ಣ ತೇಪೆಯೂ ಬೇಡ. ಒಂದು ಗೀರು ಬಿದ್ದರೆ ಸಾಕು, ಅಲ್ಯೂಮಿನಿಯಂ ತೂತು ಬೀಳುತ್ತದೆ. ಅದಕ್ಕೆಂದೇ ಮಾಡಿದ, ತಾಮ್ರವಿಲ್ಲದ ಬಣ್ಣ ಅಥವಾ ತಯಾರಕರು ಅಲ್ಯೂಮಿನಿಯಂಗೆ ಆಗುತ್ತದೆ ಅಂತ ಬರೆದಿರುವ ಕ್ಯುಪ್ರಸ್ ಥಯೋಸಯನೇಟ್ ಬಣ್ಣ ನೋಡಿ.

ತೇಪೆ ಹಾಕುವುದು

ಮೊದಲು ಉಸಿರಿನ ಮಾತು. ಆಂಟಿಫೌಲಿಂಗನ್ನು ಒಣಗಿದ ಸ್ಥಿತಿಯಲ್ಲಿ ಉಜ್ಜಬೇಡಿ. ಆ ಧೂಳು ವಿಷ. ನೀರು ಹಾಕಿ ಉಜ್ಜಿ, ಪಿ3 ದರ್ಜೆಯ ಫಿಲ್ಟರ್ ಇರುವ ಮಾಸ್ಕ್, ಗ್ಲೌಸ್, ಕನ್ನಡಕ ಹಾಕಿ, ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ. ಬೆಂಕಿಯ ಟಾರ್ಚ್ ಹಿಡಿದು ಸುಟ್ಟು ತೆಗೆಯುವ ಯೋಚನೆಯೇ ಬೇಡ. ದೋಣಿ ಹಳೆಯದಾದರೆ ಇನ್ನೂ ಹುಷಾರು. ತವರ ಬೆರೆಸಿದ ಟಿಬಿಟಿ ಬಣ್ಣವನ್ನು ಸಣ್ಣ ದೋಣಿಗಳಿಗೆ ಫ್ರಾನ್ಸ್ 1982ರಲ್ಲೇ, ಬ್ರಿಟನ್ 1987ರಲ್ಲಿ ನಿಲ್ಲಿಸಿದವು, ಜಗತ್ತಿನ ಮಟ್ಟದ ಒಪ್ಪಂದ ಜಾರಿಗೆ ಬಂದದ್ದು 2008ರಲ್ಲಿ. ಅದಕ್ಕೂ ಹಿಂದಿನ ಪದರ ಅಡಿಯಲ್ಲಿ ಉಳಿದಿರಬಹುದು.

ಸಡಿಲ ಇರುವುದನ್ನೆಲ್ಲ ಕೆರೆಯಿರಿ. ಎಲ್ಲಿಗೆ ನಿಲ್ಲಿಸಬೇಕು ಅನ್ನುವುದಕ್ಕೆ ಟೇಪ್ ಪರೀಕ್ಷೆ ಇದೆ: ಅಂಚಿನ ಹೊರಗೆ, ಗಟ್ಟಿ ಅನಿಸುವ ಕಡೆ, ಬ್ಲೇಡಿನಲ್ಲಿ ಗುಣಾಕಾರದ ಗುರುತು ಎಳೆದು, ಒಣಗಿದ ಮೇಲ್ಮೈಗೆ ಬಲವಾದ ಟೇಪ್ ಒತ್ತಿ ಅಂಟಿಸಿ ಒಂದೇ ಸಲಕ್ಕೆ ಕಿತ್ತುಬಿಡಿ. ಟೇಪಿನ ಜೊತೆ ಬಣ್ಣ ಬಂದರೆ ಇನ್ನೂ ಕೆರೆಯಬೇಕು. ಕೆಲವೊಮ್ಮೆ ಅಂಗೈಯಗಲದ್ದು ತಟ್ಟೆಯಗಲ ಆಗುತ್ತದೆ, ಆಗಲಿ ಬಿಡಿ. ತಟ್ಟೆಯೂ ಮೀರಿ ನಿಲ್ಲದೆ ಹೋಗುತ್ತಲೇ ಇದ್ದರೆ ತೇಪೆ ಸಾಲದು ಅಂತ ದೋಣಿಯೇ ಹೇಳುತ್ತಿದೆ.

ಅಂಚನ್ನು 80ರ ಪೇಪರಿನಿಂದ, ಆಮೇಲೆ 120ರಿಂದ ಇಳಿಜಾರು ಮಾಡಿ. ಕಣ್ಣು ಮುಚ್ಚಿ ಬೆರಳು ಎಳೆದಾಗ ಮೆಟ್ಟಿಲು ತಾಗಬಾರದು. ಸುತ್ತಲಿನ ಹಳೆ ಬಣ್ಣವನ್ನೂ ನಾಲ್ಕು ಬೆರಳಿನಷ್ಟು ಉಜ್ಜಿ, ಟೊಳ್ಳು ಪದರ ಹೋಗಲಿ. ಸಿಹಿ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಉಪ್ಪು ಉಳಿದರೆ ಅದು ಆಮೇಲೆ ನೀರನ್ನು ಎಳೆದು ಗುಳ್ಳೆ ಎಬ್ಬಿಸುತ್ತದೆ.

ಜೆಲ್‌ಕೋಟ್ ಅಥವಾ ಲೋಹ ಬೋಳಾಗಿದ್ದರೆ ಅಲ್ಲಿಗೆ ಎಪಾಕ್ಸಿ ಪ್ರೈಮರ್, ಮೇಲೆ ಹೇಳಿದ ಹೆಬ್ಬೆರಳಿನ ಲೆಕ್ಕದಲ್ಲಿ ಬಣ್ಣ. ಅಡಿಯ ಹಳೆ ಪ್ರೈಮರ್ ಹಾಗೇ ಇದ್ದರೆ ಸುಮ್ನೆ ಇನ್ನೊಂದು ಪದರ ಏರಿಸಬೇಡಿ, ಉಜ್ಜಿದರೆ ಸಾಕು. ಹಳೆ ಬಣ್ಣ ಯಾವುದು ಅಂತ ಗೊತ್ತಾಗದಿದ್ದರೆ ನಡುವೆ ಎರಡನ್ನೂ ಬೆಸೆಯುವ ಟೈ ಕೋಟ್ ಅಥವಾ ಹಳೆಯದನ್ನು ಮುಚ್ಚುವ ಸೀಲರ್ ಹಾಕಿ. ಆಮೇಲೆ ಸಣ್ಣ ರೋಲರಿನಲ್ಲಿ ಎರಡು ಮೂರು ತೆಳು ಕೋಟ್. ಪ್ರತಿ ಕೋಟನ್ನೂ ಹಿಂದಿನದಕ್ಕಿಂತ ಸ್ವಲ್ಪ ಹೊರಗೆ ಚಾಚಿ. ಒಂದೇ ದಪ್ಪ ಕೋಟ್ ಬಳಿದರೆ ಮೇಲೆ ಒಣಗಿ ಒಳಗೆ ಥಿನ್ನರ್ ಸಿಕ್ಕಿಹಾಕಿಕೊಳ್ಳುತ್ತದೆ. ಮಾಸ್ಕಿಂಗ್ ಟೇಪನ್ನು ಬಣ್ಣ ಹಸಿ ಇರುವಾಗಲೇ ಎಳೆಯಿರಿ.

ಹವೆಯ ವಿಷಯ ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ದೋಣಿಯ ಮೈಯ ಉಷ್ಣತೆ ಇಬ್ಬನಿ ಬೀಳುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲಿರಬೇಕು, ಗಾಳಿಯ ತೇವ ಶೇ 85ರ ಒಳಗಿರಬೇಕು. ಸಂಜೆ ಬಳಿದು ರಾತ್ರಿ ಇಬ್ಬನಿ ಕೂತರೆ ಬೆಳಗಿನ ಒಳ್ಳೆ ಕೆಲಸವೆಲ್ಲ ಹೋಯಿತು.

ತಾಮ್ರದ ಎಪಾಕ್ಸಿಗೆ ಬೇರೆ ನಿಯಮ

ಮೊದಲು ಇದು ನಿಜವಾಗಿ ಕೆಟ್ಟಿದೆಯಾ ಅಂತ ನೋಡಿ. ಹಸಿರಾಗುವುದು ಅದರ ಸಹಜ ಗುಣ, ತಾಮ್ರಕ್ಕೆ ಕಿಲುಬು ಹಿಡಿಯುತ್ತದಲ್ಲ, ಹಾಗೆ. ಕಂದು ಬಣ್ಣದಲ್ಲೇ ನುಣುಪಾಗಿ ಹೊಳೆಯುತ್ತಾ, ಅದೇ ಜಾಗಕ್ಕೆ ಚಿಪ್ಪು ಹತ್ತಿದ್ದರೆ ತಾಮ್ರದ ಮೇಲೆ ರೆಸಿನ್ ಪೊರೆ ಮುಚ್ಚಿಕೊಂಡಿದೆ. ಅದಕ್ಕೆ ಬಣ್ಣ ಬೇಡ, 320ರ ಪೇಪರಿನಲ್ಲಿ ನೀರು ಹಾಕಿ ಹಗುರವಾಗಿ ಉಜ್ಜಿ, ತಾಮ್ರ ಮಿನುಗಿದ ಕೂಡಲೇ ನಿಲ್ಲಿಸಿ.

ನಿಜಕ್ಕೂ ಎದ್ದಿದ್ದರೆ ತೇಪೆಗೆ ಸ್ವಲ್ಪವೇ ಕಲಸಬೇಕು, ಎಡವಟ್ಟಾಗುವುದು ಇಲ್ಲೇ. ರೆಸಿನ್ ಮತ್ತು ಹಾರ್ಡನರ್ ಅಳತೆಯನ್ನು ಡಬ್ಬಿಯ ಮೇಲೆ ಕೆಲವರು ಗಾತ್ರದಲ್ಲಿ ಬರೆಯುತ್ತಾರೆ, ಕೆಲವರು ತೂಕದಲ್ಲಿ. ಗಾತ್ರದ ಅಳತೆಯನ್ನು ತಕ್ಕಡಿಯಲ್ಲಿ ತೂಗಿದರೆ ಎಪಾಕ್ಸಿ ಸರಿಯಾಗಿ ಗಟ್ಟಿಯಾಗದೆ ಹೋಗಬಹುದು. ಸಣ್ಣ ಪ್ರಮಾಣಕ್ಕೆ ಸೂಜಿಯಿಲ್ಲದ ಸಿರಿಂಜ್ ಒಳ್ಳೆಯದು. ತಾಮ್ರದ ಪುಡಿಯನ್ನು ಕೈಯಂದಾಜಿನಲ್ಲಿ ಹಾಕಬೇಡಿ. ಲೀಟರ್ ರೆಸಿನ್‌ಗೆ 2 ಕಿಲೋ ಪುಡಿ ಹಿಡಿಸುವ ಬಣ್ಣಗಳಿವೆ, ಕಣ್ಣಿಗೆ ಅದು ಅತಿಯಾಯಿತು ಅನಿಸಿದರೂ ಅದೇ ಸರಿ. ಕಪ್ಪಿನ ತಳಕ್ಕೆ ಪುಡಿ ಇಳಿಯುತ್ತಲೇ ಇರುತ್ತದೆ, ರೋಲರ್ ಅದ್ದುವ ಪ್ರತಿ ಸಲವೂ ಕಲಕಿ. ಒಂದು ಕೋಟ್ ಅಂಟು ಅಂಟಾಗಿರುವಾಗಲೇ ಮುಂದಿನದು, ಎಲ್ಲವೂ ಒಂದೇ ದಿನದಲ್ಲಿ ಮುಗಿಯಬೇಕು. ನೀರಿನಲ್ಲಿ ಕರಗುವ ಎಪಾಕ್ಸಿಯಾದರೆ ಗಟ್ಟಿಯಾಗುವ ಮುಂಚೆ ಮಳೆ ಬಿದ್ದರೆ ತೊಳೆದೇ ಹೋಗುತ್ತದೆ, ಹಾಗಾಗಿ ಮೇಲೊಂದು ಹೊದಿಕೆ ಕಟ್ಟಿ, ಗಾಳಿ ಆಡಲಿ. ತಯಾರಕರು ಹೇಳಿದಷ್ಟು ದಿನ ಗಟ್ಟಿಯಾದ ಮೇಲೆ 320ರಲ್ಲಿ ಉಜ್ಜಿ ತಾಮ್ರ ತೆರೆಯಿರಿ.

ನೀರಿಗೆ ಇಳಿಸುವುದಕ್ಕೂ ಡಬ್ಬಿಯ ಮೇಲೆ ಎರಡು ಹೊತ್ತು ಬರೆದಿರುತ್ತಾರೆ, ಕನಿಷ್ಠ ಎಷ್ಟು ಒಣಗಬೇಕು, ಹೆಚ್ಚೆಂದರೆ ಎಷ್ಟು ದಿನ ಹೊರಗಿರಬಹುದು. ಎರಡನೆಯದನ್ನು ಯಾರೂ ಓದುವುದಿಲ್ಲ. ಹಳೆ ಕಾಲದ ಮೆತ್ತನೆ ಬಣ್ಣಗಳು ಮತ್ತು ಕೆಲವು ಗಟ್ಟಿ ಬಣ್ಣಗಳು ಗಾಳಿಗೆ ಬಿದ್ದು ತಿಂಗಳುಗಟ್ಟಲೆ ಕಳೆದರೆ ಮೇಲ್ಪದರ ಜಡವಾಗುತ್ತದೆ. ಅಂಥ ಬಣ್ಣದ ದೋಣಿ ದಡದಲ್ಲೇ ಉಳಿಯುವುದಾದರೆ ಕೆರೆದು, ಪ್ರೈಮರ್ ಹಾಕಿ ನಿಲ್ಲಿಸಿ. ಬಣ್ಣದ ಕೋಟನ್ನು ನೀರಿಗೆ ಬಿಡುವ ವಾರಕ್ಕೆ ಇಟ್ಟುಕೊಳ್ಳಿ, ಜೊತೆಗೆ ಪ್ಯಾಡ್ ಅಡಿಯ ಜಾಗಕ್ಕೂ ಆಗ ಸಮಯ ಸಿಗುವ ಹಾಗೆ ನೋಡಿಕೊಳ್ಳಿ. ಆಧಾರಗಳನ್ನು ನೀವೇ ಸರಿಸಲು ಹೋಗಬೇಡಿ, ಯಾರ್ಡಿನವರ ಕೈಯಲ್ಲೇ ಸರಿಸಿಸಿ.